ಹಳೆಯ ಕಿರುಚಿತ್ರಗಳಿಗೆ ಹಳೆಯ ಯಂತ್ರ: ಬೆಲ್ ಅಂಡ್ ಹೋವೆಲ್ ಕೊಳ್ಳಬೇಕೋ, ಐಕಿ ಕೊಳ್ಳಬೇಕೋ?

ತೀರ್ಪು ಮೊದಲೇ ಹೇಳಿಬಿಡೋಣ. ಐವತ್ತು-ಅರವತ್ತರ ದಶಕದ ಕಿರುಚಿತ್ರಗಳನ್ನು ರೀಲಿನಲ್ಲೇ ಓಡಿಸಿ ನೋಡುವ ಆಸೆ ಇದ್ದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆ ಬರುವ 16 ಎಂಎಂ (16 ಮಿಲಿಮೀಟರ್ ಅಗಲದ ಫಿಲ್ಮಿನ) ಸೌಂಡ್ ಪ್ರೊಜೆಕ್ಟರ್‌ಗಳ ಪೈಕಿ ಐಕಿ ಕಂಪನಿಯ ಸ್ಲಾಟ್ ಲೋಡ್ ಯಂತ್ರವನ್ನು ಎರಡೂ ಕಣ್ಣು ಮುಚ್ಚಿ ಅಲ್ಲದಿದ್ದರೂ ಒಂದು ಕಣ್ಣು ಮುಚ್ಚಿ ಕೊಳ್ಳಬಹುದು. ಬೆಲ್ ಅಂಡ್ ಹೋವೆಲ್‌ನ, ಫಿಲ್ಮನ್ನು ತಾನೇ ಒಳಗೆಳೆದುಕೊಳ್ಳುವ ಆಟೊಲೋಡ್ ಯಂತ್ರವನ್ನು ಕಣ್ಣೂ ತೆರೆದು, ಹಿಂಬದಿ ಮುಚ್ಚಳವನ್ನೂ ತೆರೆದು ನೋಡಿಯೇ ಕೊಳ್ಳಬೇಕು. ಇವೆರಡಕ್ಕಿಂತ ಮುಂಚೆ ನೋಡಬೇಕಾದ್ದು ರೀಲನ್ನು. ಓಡಿಸಲು ಯೋಗ್ಯವಾದ ಒಂದಾದರೂ ಪ್ರಿಂಟ್ ಕೈಯಲ್ಲಿಲ್ಲದೆ ಯಂತ್ರ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಲೆಕ್ಕವೇ.

ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ಯಂತ್ರಗಳು ಹೊರಬರುವುದು ಶಾಲೆ-ಕಾಲೇಜುಗಳ ಸ್ಟೋರ್ ರೂಮಿನಿಂದ, ಮುಚ್ಚಿದ ಫೋಟೊ ಸ್ಟುಡಿಯೊಗಳಿಂದ, ಕಚೇರಿಗಳ ಹಳೇ ಸಾಮಾನಿನ ಹರಾಜಿನಿಂದ. ಅಲ್ಲಿಂದ ಗುಜರಿಗೆ, ಗುಜರಿಯಿಂದ ಬೆಂಗಳೂರಿನ ಆಂಟಿಕ್ ಅಂಗಡಿಗೆ. ಗುಜರಿಯಲ್ಲಿರುವಾಗಲೇ ಹಿಡಿದರೆ ಲಾಭ. ಆಂಟಿಕ್ ಅಂಗಡಿಯವರು ಹೊರಮೈ ಉಜ್ಜಿ ಹೊಳಪು ಮಾಡುತ್ತಾರೆಯೇ ಹೊರತು ಒಳಗಿನ ಗ್ರೀಸು ಬದಲಿಸುವುದಿಲ್ಲ. ಬೆಲೆಗೆ ಒಂದು ಹದ ಅಂತಿಲ್ಲ. ಯಂತ್ರಕ್ಕೆ ಎಷ್ಟು ಕೊಡುತ್ತೀರೋ ಅಷ್ಟೇ ದುಡ್ಡನ್ನು ದೀಪ, ಬೆಲ್ಟು, ರಿಪೇರಿಗೆಂದು ಎತ್ತಿಟ್ಟುಕೊಂಡು ವ್ಯಾಪಾರಕ್ಕೆ ಕೂರುವುದು ಒಳ್ಳೆಯದು. ತೂಕ 15 ಕಿಲೋ ಆಸುಪಾಸು, ಹಿಡಿಕೆ ಗಟ್ಟಿ ಇದೆಯೇ ನೋಡದೆ ಎತ್ತಬೇಡಿ.

ಯಾವ ಚಿತ್ರಗಳಿಗೆ ಈ ಪಾಡು

1948ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರ, ವಾರ್ತಾಚಿತ್ರಗಳನ್ನು ಊರಿನ ಟಾಕೀಸುಗಳು ಮುಖ್ಯ ಚಿತ್ರದ ಜೊತೆ ಹಾಕಲೇಬೇಕಿತ್ತು. ಅದು ಲೈಸೆನ್ಸಿನ ಷರತ್ತು. ಉದ್ದದ ಮಿತಿ 2000 ಅಡಿ, ಅಂದರೆ 35 ಎಂಎಂನಲ್ಲಿ ಸುಮಾರು 22 ನಿಮಿಷ. ಟಾಕೀಸಿಲ್ಲದ ಹಳ್ಳಿಗಳಿಗೆ ಅದೇ ಚಿತ್ರಗಳು 16 ಎಂಎಂಗೆ ಇಳಿದು, ಪ್ರಚಾರದ ವ್ಯಾನಿನಲ್ಲಿ ಜನರೇಟರ್ ಸಮೇತ ಹೋಗುತ್ತಿದ್ದವು. ಇಂದು ಗುಜರಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಈ ಜಾತಿಯವೇ ಹೆಚ್ಚು: ಅಣೆಕಟ್ಟು, ಜಪಾನಿ ಪದ್ಧತಿಯ ಭತ್ತದ ನಾಟಿ, ಸಿಡುಬಿನ ಲಸಿಕೆ, ಕುಟುಂಬ ಯೋಜನೆ.

ಲೆಕ್ಕ ಸುಲಭ. 35 ಎಂಎಂನಲ್ಲಿ ಒಂದು ಅಡಿಗೆ 16 ಫ್ರೇಮು, 16 ಎಂಎಂನಲ್ಲಿ ಒಂದು ಅಡಿಗೆ 40. ಆದ್ದರಿಂದ 1000 ಅಡಿಯ 35 ಎಂಎಂ ರೀಲು 16 ಎಂಎಂನಲ್ಲಿ ಸರಿಯಾಗಿ 400 ಅಡಿಯಾಗುತ್ತದೆ, ಸೆಕೆಂಡಿಗೆ 24 ಫ್ರೇಮಿನಂತೆ 11 ನಿಮಿಷ 7 ಸೆಕೆಂಡು ಓಡುತ್ತದೆ. 400 ಅಡಿಯ ಡಬ್ಬಿ ಕೈಗೆ ಬಂದರೆ ಒಂದು ಕಿರುಚಿತ್ರ, 800 ಅಡಿಯದು ಬಂದರೆ ಎರಡು ಅಥವಾ ಉದ್ದನೆಯದೊಂದು ಎಂದು ತಿಳಿಯಬಹುದು. ಡಬ್ಬಿಯ ಮೇಲಿನ ಚೀಟಿಯನ್ನು ಮಾತ್ರ ನಂಬಬೇಡಿ. ಡಬ್ಬಿ ಒಂದರದು, ರೀಲು ಇನ್ನೊಂದರದು ಆಗಿರುವುದೇ ಜಾಸ್ತಿ.

ಭಾಷೆಯ ವಿಷಯದಲ್ಲೂ ಆಸೆ ಹದದಲ್ಲಿರಲಿ. ಆರಂಭದ ವರ್ಷಗಳಲ್ಲಿ ಫಿಲ್ಮ್ಸ್ ಡಿವಿಷನ್ ಚಿತ್ರಗಳು ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗಿನಲ್ಲಿ ಬರುತ್ತಿದ್ದವು. ಕನ್ನಡ ಆಮೇಲೆ ಸೇರಿದ್ದು. ಹಾಗಾಗಿ ಐವತ್ತರ ದಶಕದ ರೀಲಿನಲ್ಲಿ ಕನ್ನಡ ನಿರೂಪಣೆ ಸಿಕ್ಕಿದರೆ ಅದನ್ನು ಓಡಿಸುವ ಮೊದಲು ಎರಡು ಸಲ ಯೋಚಿಸಿ. ಕಾರಣ ಮುಂದೆ ಬರುತ್ತದೆ.

ಚಿತ್ರ ನೋಡುವುದಷ್ಟೇ ಗುರಿಯಾದರೆ ಈ ಯಾವ ಪಾಡೂ ಬೇಡ. ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆ್ಯಮ್ 20’ (1967), ಪ್ರಮೋದ್ ಪತಿಯವರ ‘ಎಕ್ಸ್‌ಪ್ಲೋರರ್’ (1968), ಫಾಲಿ ಬಿಲಿಮೋರಿಯಾ ಅವರ, ಆಸ್ಕರ್ ನಾಮನಿರ್ದೇಶನ ಪಡೆದ ‘ದಿ ಹೌಸ್ ದಟ್ ಆನಂದ ಬಿಲ್ಟ್’ ಇವೆಲ್ಲ ಮೊಬೈಲಿನಲ್ಲೇ ನೋಡಲು ಸಿಗುತ್ತವೆ. ಪ್ರೊಜೆಕ್ಟರ್ ಬೇಕಾಗುವುದು ಬೇರೆ ಎರಡು ಕಾರಣಕ್ಕೆ: ಎಲ್ಲೂ ಅಪ್‌ಲೋಡ್ ಆಗದ ರೀಲು ಕೈಯಲ್ಲಿದ್ದಾಗ, ಮತ್ತು ಮೂವತ್ತು-ನಲವತ್ತು ಜನರನ್ನು ಕೂರಿಸಿ ಫಿಲ್ಮನ್ನು ಫಿಲ್ಮಾಗಿಯೇ ತೋರಿಸಬೇಕೆನ್ನುವ ಹಟ ಇದ್ದಾಗ.

ಬೆಲ್ ಅಂಡ್ ಹೋವೆಲ್: ಒಳ್ಳೆಯ ಯಂತ್ರ, ಕೆಟ್ಟ ಗೇರು

ಅರವತ್ತರ ದಶಕದಿಂದೀಚಿನ ಆಟೊಲೋಡ್ ಬೆಲ್ ಅಂಡ್ ಹೋವೆಲ್‌ಗಳ ಬಿಂಬ ಸ್ಥಿರ, ದೇಹ ಗಟ್ಟಿ, ಬಿಡಿಭಾಗಗಳ ಕೈಪಿಡಿಗಳೂ ಸುಲಭವಾಗಿ ಸಿಗುತ್ತವೆ. ಇಡೀ ಯಂತ್ರದ ಪ್ರಾಣ ಮಾತ್ರ ಒಂದು ಪ್ಲಾಸ್ಟಿಕ್ ವರ್ಮ್ ಗೇರಿನಲ್ಲಿದೆ. ಬೆಳಕನ್ನು ಮುಚ್ಚಿ ತೆರೆಯುವ ಶಟರಿನ ಶಾಫ್ಟಿನ ತಿರುಗನ್ನು ಸ್ಪ್ರಾಕೆಟ್‌ಗಳಿಗೆ (ಫಿಲ್ಮಿನ ತೂತು ಹಿಡಿದು ಸಾಗಿಸುವ ಹಲ್ಲುಗಾಲಿಗಳಿಗೆ) ದಾಟಿಸುವ ಭಾಗ ಇದು. ಉಕ್ಕಿನ ಶಾಫ್ಟಿನ ಮೇಲೆ ಬಿಗಿಯಾಗಿ ಕೂತ ಪ್ಲಾಸ್ಟಿಕ್ಕು ವರ್ಷಗಳು ಕಳೆದಂತೆ ಕುಗ್ಗುತ್ತದೆ, ಉಕ್ಕು ಕುಗ್ಗುವುದಿಲ್ಲ. ಒಂದು ದಿನ ಗೇರು ಉದ್ದಕ್ಕೆ ಸೀಳುತ್ತದೆ. ಓಡದೆ ಸುಮ್ಮನೆ ಕಪಾಟಿನಲ್ಲಿದ್ದ ಯಂತ್ರದಲ್ಲೂ ಇದು ಆಗುತ್ತದೆ. ಹಾಗಾಗಿ ‘ಬಹಳ ಕಡಿಮೆ ಬಳಸಿದ್ದು ಸಾರ್’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಮಾರುವವರ ಮುಂದೆಯೇ ಹೀಗೆ ಪರೀಕ್ಷಿಸಿ. ಪ್ಲಗ್ ಹಾಕಬೇಡಿ, ಅವರಿಗೂ ಹಾಕಲು ಬಿಡಬೇಡಿ. ಯಂತ್ರವನ್ನು ಕೈಯಿಂದ ತಿರುಗಿಸುವ ಗುಂಡಿಯನ್ನು ನಿಧಾನವಾಗಿ ಹತ್ತು-ಹನ್ನೆರಡು ಸುತ್ತು ತಿರುಗಿಸಿ. ಸುತ್ತಿಗೊಂದು ಸಲ ‘ಟಕ್’ ಎಂದು ತಡೆದರೆ ಗೇರು ಸೀಳಿದೆ ಎಂದೇ ಅರ್ಥ. ತಡೆಯದಿದ್ದರೂ ಹಿಂಬದಿ ಮುಚ್ಚಳ ಬಿಚ್ಚಿ ಟಾರ್ಚು ಬಿಟ್ಟು ನೋಡಿ. ಗೇರಿನ ಉದ್ದಕ್ಕೆ ಕೂದಲೆಳೆಯಂಥ ಗೆರೆ ಕಂಡರೆ ಸಾಕು, ಅದು ಬಹಳ ದಿನ ಬಾಳುವುದಿಲ್ಲ. ಗ್ರೀಸು ಒಣಗಿ ಮೇಣವಾಗಿರುವ ಯಂತ್ರಕ್ಕೆ ನೇರ ಕರೆಂಟು ಕೊಟ್ಟರೆ, ಮೋಟಾರು ಒಂದೇಟಿಗೆ ಎಳೆಯುವ ಹೊತ್ತಿನಲ್ಲಿ ಚೆನ್ನಾಗಿದ್ದ ಗೇರೂ ಚೂರಾಗುತ್ತದೆ. ಎಷ್ಟೋ ಯಂತ್ರಗಳು ಸತ್ತಿರುವುದು ಗಿರಾಕಿಯ ಮುಂದೆ ‘ಓಡಿಸಿ ತೋರಿಸುವ’ ಆ ಒಂದು ನಿಮಿಷದಲ್ಲೇ.

ಬದಲಿ ಗೇರು ಹೊರದೇಶದ ಬಿಡಿಭಾಗದವರಲ್ಲಿ ಹೊಸದಾಗಿಯೇ ಸಿಗುತ್ತದೆ. ಇಲ್ಲೇ ಲೇತ್‌ನಲ್ಲಿ ಮಾಡಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಇದು ಅಂಗುಲದ ಅಳತೆಯ ಹಲ್ಲು. ಮೆಟ್ರಿಕ್ ಕಟರಿನಲ್ಲಿ ಕಡೆದರೆ ಜೋಡಿ ಗೇರಿನ ಜೊತೆ ಕೂಡುವುದಿಲ್ಲ, ಕೂಡಿದಂತೆ ಕಂಡರೂ ಎರಡನ್ನೂ ಸವೆಸುತ್ತದೆ. ಗೇರು ಹಾಕುವುದಕ್ಕಿಂತ ಕಷ್ಟದ ಕೆಲಸ ಹಾಕಿದ ಮೇಲೆ ಶಟರನ್ನು ಕ್ಲಾಗೆ, ಅಂದರೆ ಫಿಲ್ಮನ್ನು ಒಂದೊಂದೇ ಫ್ರೇಮು ಕೆಳಗೆಳೆಯುವ ಕೊಕ್ಕೆಗೆ, ಹೊಂದಿಸುವುದು. ಫಿಲ್ಮು ಕೆಳಗಿಳಿಯುವ ಹೊತ್ತಿಗೆ ಶಟರ್ ಪೂರ್ತಿ ಮುಚ್ಚಿರಬೇಕು. ಒಂದು ಹಲ್ಲು ಆಚೀಚೆಯಾದರೂ ಟೈಟಲಿನ ಬಿಳಿ ಅಕ್ಷರಗಳಿಂದ ಮೇಲಕ್ಕೋ ಕೆಳಕ್ಕೋ ಬಿಳಿ ಬಾಲ ಎಳೆದಂತೆ ಕಾಣುತ್ತದೆ. ಬಾಲ ಕಂಡರೆ ಲೆನ್ಸನ್ನು ಬೈಯಬೇಡಿ, ಶಟರ್ ಬಿಚ್ಚಿ ಮತ್ತೆ ಹೊಂದಿಸಿ.

ಆಟೊಲೋಡ್ ಎನ್ನುವುದು ಹೊಸ ಪ್ರಿಂಟುಗಳ ಕಾಲದ ಅನುಕೂಲ. ಫಿಲ್ಮಿನ ತುದಿ ತಾನೇ ದಾರಿ ಹುಡುಕಿಕೊಂಡು ಹೋಗಬೇಕಾದರೆ ತುದಿಯನ್ನು ಯಂತ್ರದಲ್ಲೇ ಇರುವ ಕಟರಿನಿಂದ ನೀಟಾಗಿ ಕತ್ತರಿಸಿರಬೇಕು, ಫಿಲ್ಮು ಸುರುಳಿ ತಿರುಗಿರಬಾರದು, ತೂತುಗಳು ಹರಿದಿರಬಾರದು. ಅರವತ್ತು ವರ್ಷದ ರೀಲಿನಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಮಧ್ಯದಲ್ಲಿ ಸಿಕ್ಕಿಕೊಂಡರೆ ಫಿಲ್ಮು ಒಳಗೆ ಮಡಚುತ್ತಾ ಹೋಗುತ್ತದೆ, ಬಿಡಿಸುವಷ್ಟರಲ್ಲಿ ಒಂದೆರಡು ಅಡಿ ಹೋಗಿರುತ್ತದೆ.

ಐಕಿ: ಏಕೆ ಮೇಲು

ಐಕಿಯ ಸ್ಲಾಟ್ ಲೋಡ್ ಮಾದರಿಯಲ್ಲಿ ಫಿಲ್ಮನ್ನು ಒಂದು ಸೀಳಿನೊಳಗೆ ಉದ್ದಕ್ಕೆ ಇಳಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಆಟದ ನಡುವೆಯೇ ನಿಲ್ಲಿಸಿ ಹೊರಗೆ ತೆಗೆಯಬಹುದು. ಹಳೆಯ ಪ್ರಿಂಟುಗಳಿಗೆ ಈ ಒಂದು ಗುಣ ಉಳಿದೆಲ್ಲ ಗುಣಗಳಿಗಿಂತ ದೊಡ್ಡದು. ಬೆಲ್ ಅಂಡ್ ಹೋವೆಲ್‌ನ ಆ ಗೇರಿನ ರೋಗವೂ ಇದಕ್ಕಿಲ್ಲ.

ಇದರ ರೋಗಗಳು ಬೇರೆ, ಸಣ್ಣವು. ಕ್ಲಾ ಓಡಿಸುವ ಕ್ಯಾಮ್‌ಗೆ ಎಣ್ಣೆ ಉಣಿಸಲು ಒಂದು ಫೆಲ್ಟ್ ತುಂಡು ಇರುತ್ತದೆ. ಅದು ಒಣಗಿದರೆ ಯಂತ್ರ ಕಟಕಟ ಶಬ್ದ ಮಾಡುತ್ತದೆ, ಬಿಂಬವೂ ಮೇಲೆ-ಕೆಳಗೆ ಕುಣಿಯುತ್ತದೆ. ತೆಳುವಾದ ಮೆಷಿನ್ ಎಣ್ಣೆ ಮೂರ್ನಾಲ್ಕು ಹನಿ ಸಾಕು. ಹೆಚ್ಚಾದರೆ ಗೇಟಿಗೆ (ಫಿಲ್ಮು ದೀಪದೆದುರು ಹಾಯುವ ಕಿಂಡಿಗೆ) ಸಿಡಿದು ಫಿಲ್ಮಿಗೆ ಹತ್ತುತ್ತದೆ. ಕೊಬ್ಬರಿ ಎಣ್ಣೆ, ಗಾಡಿಯ ಎಂಜಿನ್ ಆಯಿಲ್ ಹಾಕಿದ ಯಂತ್ರಗಳೂ ಕಾಣಸಿಗುತ್ತವೆ; ಅವನ್ನು ಬಿಚ್ಚಿ ಪೂರ್ತಿ ತೊಳೆಯದೆ ಗತಿಯಿಲ್ಲ. ರಬ್ಬರ್ ಬೆಲ್ಟುಗಳು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ ಇಲ್ಲವೇ ಕರಗಿ ಅಂಟಾಗಿರುತ್ತವೆ. ರೀಲು ಸುತ್ತುವ ತೋಳಿನ ದುಂಡು ಬೆಲ್ಟಿಗೆ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯ ಓ-ರಿಂಗು ತಾತ್ಕಾಲಿಕವಾಗಿ ನಡೆಯುತ್ತದೆ. ಮೋಟಾರಿನಿಂದ ಮುಖ್ಯ ಶಾಫ್ಟಿಗೆ ಹೋಗುವ ಬೆಲ್ಟಿಗೆ ಮಾತ್ರ ಸರಿಯಾದದ್ದನ್ನೇ ತರಿಸಿ. ಅಲ್ಲಿ ಜಾರಿದರೆ ದನಿ ಅಲುಗುತ್ತದೆ.

ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಹತ್ತರಲ್ಲಿ ಎಂಟು ಸಲ ಕೆಪಾಸಿಟರ್ ಹೋಗಿರುತ್ತದೆ. ಅದಕ್ಕೆ ಬೆಂಗಳೂರಿಗೆ ಹೊರಬೇಕಿಲ್ಲ, ಪಂಪ್‌ಸೆಟ್ ಮೋಟಾರ್ ರಿವೈಂಡ್ ಮಾಡುವವರಿಗೆ ದಾವಣಗೆರೆಯಲ್ಲಿ ಕೊರತೆಯಿಲ್ಲ. ಹಳೆಯದರ ಮೇಲೆ ಬರೆದಿರುವ ಮೈಕ್ರೊಫ್ಯಾರಡ್ ಮತ್ತು ವೋಲ್ಟೇಜು ನೋಡಿ ಅದೇ ಬೆಲೆಯದನ್ನು ಹಾಕಿಸಿದರಾಯಿತು.

ಇನ್ನು ನಲವತ್ತು-ಐವತ್ತರ ದಶಕದ, ವಾಲ್ವ್ ಆಂಪ್ಲಿಫೈಯರಿನ, ಬೆಲ್ ಅಂಡ್ ಹೋವೆಲ್‌ನದೇ ಆದ ಫಿಲ್ಮೋಸೌಂಡ್ ಯಂತ್ರಗಳು. ನೋಡಲು ಚೆಂದ. ಅವುಗಳ ದೀಪ 110–120 ವೋಲ್ಟಿನದು, 750 ಅಥವಾ 1000 ವ್ಯಾಟಿನದು, ಈಗ ಸಿಗುವುದೇ ಕಷ್ಟ. ಓಡಿಸಲು ಕನಿಷ್ಠ 1500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಶೋಕೇಸಿಗೆ ಸರಿ, ಪ್ರದರ್ಶನಕ್ಕೆ ಬೇಡ.

50 ಹರ್ಟ್ಸೋ 60 ಹರ್ಟ್ಸೋ

ಅಮೆರಿಕಕ್ಕೆಂದು ಮಾಡಿದ ಯಂತ್ರ ಇಲ್ಲಿಗೆ ಬಂದಿದ್ದರೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಸರಿಮಾಡುತ್ತದೆ, ವೇಗವನ್ನಲ್ಲ. ಇಂಡಕ್ಷನ್ ಮೋಟಾರಿನ ವೇಗ ಕರೆಂಟಿನ ಹರ್ಟ್ಸ್ ಮೇಲೆ ನಿಂತಿದೆ. 60ಕ್ಕೆ ಹೊಂದಿಸಿದ ಪುಲ್ಲಿ ಇಲ್ಲಿನ 50ರಲ್ಲಿ ಓಡಿದರೆ ಸೆಕೆಂಡಿಗೆ 24ರ ಬದಲು 20 ಫ್ರೇಮು ಹೋಗುತ್ತವೆ. ನಿರೂಪಕ ನಿದ್ದೆಗಣ್ಣಿನಲ್ಲಿ ಓದಿದ ಹಾಗಿರುತ್ತದೆ. ಪರೀಕ್ಷೆಗೆ 100 ಅಡಿಯ ಕೆಲಸಕ್ಕೆ ಬಾರದ ಫಿಲ್ಮು ಅಳೆದು ಹಾಕಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ. 2 ನಿಮಿಷ 47 ಸೆಕೆಂಡಿಗೆ ಮುಗಿದರೆ ಸರಿ. 3 ನಿಮಿಷ 20 ಸೆಕೆಂಡು ಹಿಡಿದರೆ ಪುಲ್ಲಿ 60ರದ್ದು. ಹಲವು ಮಾದರಿಗಳಲ್ಲಿ ಬೆಲ್ಟನ್ನು ಪಕ್ಕದ ಮೆಟ್ಟಿಲಿಗೆ ಸರಿಸಿದರೆ ಕೆಲಸ ಆಗುತ್ತದೆ, ಕೆಲವಕ್ಕೆ ಪುಲ್ಲಿಯನ್ನೇ ಬದಲಿಸಬೇಕು.

ಮದುವೆ ಮನೆಯ ಬಾಡಿಗೆ ಜನರೇಟರಿನಲ್ಲೂ ಇದೇ ತಾಪತ್ರಯ. ಅದು 48 ಹರ್ಟ್ಸಿಗೆ ಇಳಿದರೆ ಫಿಲ್ಮು 23 ಫ್ರೇಮಿಗೆ ಇಳಿಯುತ್ತದೆ. ಮಾತಿನ ಚಿತ್ರದಲ್ಲಿ ಯಾರೂ ಗಮನಿಸುವುದಿಲ್ಲ. ಶಹನಾಯಿಯೋ ಸಿತಾರೋ ಇರುವ ಚಿತ್ರದಲ್ಲಿ ಶ್ರುತಿ ಇಳಿದದ್ದು ಸಂಗೀತ ಬಲ್ಲವರಿಗೆ ತಿಳಿದುಬಿಡುತ್ತದೆ. ಇನ್ವರ್ಟರ್ ಬಳಸುವುದಾದರೆ ಪ್ಯೂರ್ ಸೈನ್ ವೇವ್‌ನದೇ ಇರಲಿ. ಹ್ಯಾಲೊಜೆನ್ ಯಂತ್ರವೊಂದಕ್ಕೆ ದೀಪ, ಮೋಟಾರು, ಆಂಪ್ಲಿಫೈಯರ್ ಎಲ್ಲ ಸೇರಿ 400–500 ವ್ಯಾಟು ಬೇಕಾಗುತ್ತದೆ.

ಬೆಳಕು

ಹ್ಯಾಲೊಜೆನ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಎಲ್‌ಸಿ ಹೆಸರಿನ 24 ವೋಲ್ಟ್ 250 ವ್ಯಾಟ್ ದೀಪ, ಅಥವಾ ಇಜೆಎಲ್ ಹೆಸರಿನ 24 ವೋಲ್ಟ್ 200 ವ್ಯಾಟಿನದು. ಎರಡೂ ಇನ್ನೂ ತಯಾರಾಗಿ ಬರುತ್ತವೆ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬೇಡಿ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಬಾಳಿಕೆ 50 ಗಂಟೆಯ ಆಸುಪಾಸು. ಹೆಚ್ಚು ಬಾಳುವ ಮಾದರಿಯೂ ಇದೆ, ಅದರ ಬೆಳಕು ತುಸು ಹಳದಿ. ಬರಿಗೈಯಲ್ಲಿ ಗಾಜು ಮುಟ್ಟಿದರೆ ಬೆರಳಿನ ಜಿಡ್ಡು ಕಾದು ಗಾಜು ಬೇಗ ಹಾಳಾಗುತ್ತದೆ.

ಸಂಜೆ ಹೊತ್ತು ವೋಲ್ಟೇಜು ಇಳಿಯುವ ಹಳ್ಳಿಗಳಲ್ಲಿ ದೀಪ ಮಂಕಾಗುವುದು ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು: ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ತಿರುಗಿ, ವೋಲ್ಟೇಜು ನೂರಕ್ಕೆ ಐದು ಏರಿದರೆ ದೀಪದ ಆಯುಷ್ಯ ಅರ್ಧಕ್ಕೆ ಬರುತ್ತದೆ. ಸ್ಟೆಬಿಲೈಸರ್ ಖರ್ಚು ದೀಪದಲ್ಲೇ ಹುಟ್ಟುತ್ತದೆ.

ಪರದೆಯ ಅಳತೆಗೆ ಮಾಮೂಲು 2 ಇಂಚಿನ ಲೆನ್ಸಿದ್ದರೆ ಈ ಲೆಕ್ಕ ಸಾಕು: ದೂರದ ಐದನೇ ಒಂದು ಭಾಗಕ್ಕಿಂತ ತುಸು ಕಡಿಮೆ ಅಗಲ. 20 ಅಡಿ ದೂರಕ್ಕೆ ಸುಮಾರು 3 ಅಡಿ 10 ಇಂಚು, 26 ಅಡಿ ದೂರಕ್ಕೆ 5 ಅಡಿ. ಐದು ಅಡಿ ದಾಟಿಸಬೇಡಿ, ದಾಟಿಸಿದರೆ ಕಪ್ಪು-ಬಿಳುಪು ಚಿತ್ರದ ಕಪ್ಪು ಬೂದಿಯಾಗುತ್ತದೆ. ಸುಣ್ಣ ಬಳಿದ ನಯವಾದ ಗೋಡೆ ಒಳ್ಳೆಯ ಪರದೆಯೇ. ಹೊಳೆಯುವ ಫ್ಲೆಕ್ಸಿನ ಹಿಂಬದಿ ಬೇಡ, ನಟ್ಟನಡುವೆ ಬೆಳಕಿನ ಮಚ್ಚೆ ಬೀಳುತ್ತದೆ.

ದನಿ: ಇಲ್ಲೇ ಹೆಚ್ಚು ಜನ ಸೋಲುವುದು

16 ಎಂಎಂನಲ್ಲಿ ಒಂದು ಚಿತ್ರದ ದನಿ ಆ ಚಿತ್ರದ ಪಕ್ಕದಲ್ಲಿರುವುದಿಲ್ಲ, 26 ಫ್ರೇಮು ಮುಂದಿರುತ್ತದೆ. ಗೇಟಿನಲ್ಲಿ ಫಿಲ್ಮು ನಿಂತು ನಿಂತು ಇಳಿಯಬೇಕು, ದನಿ ಓದುವ ಸೌಂಡ್ ಡ್ರಮ್ಮಿನ ಮೇಲೆ ಒಂದೇ ಸಮ ಹರಿಯಬೇಕು. ಈ ಎರಡು ನಡಿಗೆಗಳ ಜಗಳವನ್ನು ನಡುವಿನ ಲೂಪು, ಅಂದರೆ ಸಡಿಲ ಬಿಟ್ಟ ಫಿಲ್ಮಿನ ಬಾಗು, ನುಂಗಿಕೊಳ್ಳುತ್ತದೆ. ಲೂಪು ಚಿಕ್ಕದಾದರೆ ಫಿಲ್ಮು ತಡತಡ ಬಡಿಯುತ್ತದೆ, ತೂತು ಹರಿಯುತ್ತದೆ. ದೊಡ್ಡದಾದರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಒಂದೆರಡು ಫ್ರೇಮಿನ ವ್ಯತ್ಯಾಸ ತಿಳಿಯುವುದಿಲ್ಲ, ನಾಲ್ಕು ದಾಟಿದರೆ ತಿಳಿಯುತ್ತದೆ. ಫಿಲ್ಮ್ಸ್ ಡಿವಿಷನ್‌ನ ಚಿತ್ರಗಳಲ್ಲಿ ಬಹುಪಾಲು ಬರೀ ಹಿನ್ನೆಲೆ ನಿರೂಪಣೆಯಾದ್ದರಿಂದ ಲೂಪು ತಪ್ಪಿದ್ದರೂ ಆಟ ಮುಗಿಯುವವರೆಗೆ ಯಾರಿಗೂ ಗೊತ್ತಾಗದೇ ಹೋಗಬಹುದು. ಪರೀಕ್ಷೆಗೆ ಯಾರಾದರೂ ಕ್ಯಾಮೆರಾ ನೋಡಿಕೊಂಡು ಮಾತಾಡುವ ಚಿತ್ರವೇ ಬೇಕು. 1947ರ ಆಗಸ್ಟ್ 15ರಂದು ಹುಟ್ಟಿದ ಯುವಕ-ಯುವತಿಯರು ನೇರವಾಗಿ ಮಾತಾಡುವ ‘ಐ ಆ್ಯಮ್ 20’ ಬಗೆಯದು ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ.

ದನಿಯೇ ಬರದಿದ್ದರೆ ಮೊದಲು ಎಕ್ಸೈಟರ್ ದೀಪ (ಫಿಲ್ಮಿನಂಚಿನ ದನಿಯ ಪಟ್ಟಿಗೆ ಬೆಳಕು ಹಾಯಿಸುವುದು) ಉರಿಯುತ್ತಿದೆಯೇ ನೋಡಿ. ಹೆಚ್ಚಿನ ಯಂತ್ರಗಳಲ್ಲಿ 4 ವೋಲ್ಟ್ 0.75 ಆಂಪಿಯರಿನ ಪುಟ್ಟ ದೀಪ. ಉರಿಯುತ್ತಿದ್ದರೆ ಆ ಬೆಳಕಿಗೆ ಅಡ್ಡ ಒಂದು ಕಾಗದದ ಚೂರನ್ನು ಆಡಿಸಿ. ಸ್ಪೀಕರಿನಲ್ಲಿ ಟಪಟಪ ಕೇಳಿದರೆ ಆ ಬೆಳಕನ್ನು ಹಿಡಿಯುವ ಸೆಲ್ಲು, ಆಂಪ್ಲಿಫೈಯರ್ ಎರಡೂ ಬದುಕಿವೆ, ತೊಂದರೆ ಫಿಲ್ಮು ಹಾಕಿದ ರೀತಿಯಲ್ಲಿದೆ. ಒಂದೇ ಸಮ ಗುಂಯ್‌ಗುಡುವ 100 ಹರ್ಟ್ಸಿನ ಹಮ್ ಇದ್ದರೆ ಎಕ್ಸೈಟರಿಗೆ ಡಿಸಿ ಕೊಡುವ ಫಿಲ್ಟರ್ ಕೆಪಾಸಿಟರ್ ಒಣಗಿದೆ. ದನಿ ಕಂಬಳಿ ಹೊದ್ದಂತಿದ್ದರೆ ಸೌಂಡ್ ಲೆನ್ಸಿನ ಮೇಲೆ ಧೂಳು-ಎಣ್ಣೆ ಕೂತಿದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಮೆಲ್ಲಗೆ ಒರೆಸಿ. ಅಷ್ಟಾದರೂ ಈಗಿನ ದನಿಯ ಹೊಳಪು ಬರುವುದಿಲ್ಲ. 16 ಎಂಎಂ ಆಪ್ಟಿಕಲ್ ಟ್ರ್ಯಾಕಿನ ಸಾಮರ್ಥ್ಯ 6000 ಹರ್ಟ್ಸ್ ಆಸುಪಾಸಿಗೇ ಮುಗಿಯುತ್ತದೆ, ಅದಕ್ಕೆ ಯಂತ್ರವನ್ನು ದೂರಬಾರದು. ಒಳಗಿನ ಪುಟ್ಟ ಸ್ಪೀಕರನ್ನು ನೆಚ್ಚಿಕೊಳ್ಳದೆ ಪರದೆಯ ಪಕ್ಕ ಬೇರೆ ಸ್ಪೀಕರ್ ಇಡಿ. ಇಲ್ಲದಿದ್ದರೆ ಯಂತ್ರದ ಸದ್ದೇ ನಿರೂಪಕನನ್ನು ನುಂಗುತ್ತದೆ.

ರೀಲಿನ ಪರೀಕ್ಷೆ

ಡಬ್ಬಿ ತೆರೆದ ಕೂಡಲೇ ಮೂಸಿ. ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆದರೆ ಅಸಿಟೇಟ್ ಬೇಸ್, ಅಂದರೆ ಬಿಂಬವನ್ನು ಹೊತ್ತ ಪ್ಲಾಸ್ಟಿಕ್ ಪಟ್ಟಿ, ಕೊಳೆಯಲು ಶುರುವಾಗಿದೆ. ಹೊರಬರುವ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಓಡಿಸುತ್ತದೆ. ಆದ್ದರಿಂದ ಬಿಗಿಯಾದ ತಗಡಿನ ಡಬ್ಬಿ ಒಳ್ಳೆಯದಲ್ಲ, ಪಕ್ಕದ ರೀಲುಗಳಿಂದ ಅದನ್ನು ಅಂದೇ ದೂರ ಇಡಬೇಕು. ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಎ-ಡಿ ಸ್ಟ್ರಿಪ್ ಎಂಬ ಬಣ್ಣ ಬದಲಾಗುವ ಪಟ್ಟಿಗಳಿವೆ. ನೀಲಿಯಿಂದ ಹಸಿರಿಗೆ, ಅಲ್ಲಿಂದ ಹಳದಿಗೆ ತಿರುಗಿದಷ್ಟೂ ಕೇಡು ಹೆಚ್ಚು.

ಕುಗ್ಗಿದ್ದನ್ನು ಅಳೆಯಲು ಹಾರ್ಡ್‌ವೇರ್ ಅಂಗಡಿಯ ಒಂದು ಮೀಟರ್ ಉಕ್ಕಿನ ಸ್ಕೇಲು ಸಾಕು. ಹೊಸ ಪ್ರಿಂಟಿನಲ್ಲಿ 100 ಫ್ರೇಮಿನ ಉದ್ದ 762 ಎಂಎಂ. ಫಿಲ್ಮನ್ನು ಮೇಜಿನ ಮೇಲೆ ಎಳೆಯದೆ ಚಪ್ಪಟೆಯಾಗಿ ಹಾಸಿ, ಒಂದು ತೂತಿನ ಮೇಲಂಚನ್ನು ಸೊನ್ನೆಗೆ ಹಿಡಿದು, ಅಲ್ಲಿಂದ ನೂರನೆಯ ತೂತಿನ ಮೇಲಂಚು ಎಲ್ಲಿ ಬಂತು ನೋಡಿ. ಮೊದಲ ತೂತನ್ನು ಸೊನ್ನೆ ಎಂದೇ ಎಣಿಸಿ, ಇಲ್ಲದಿದ್ದರೆ 7.6 ಎಂಎಂ ತಪ್ಪು ಬಂದು, ಚೆನ್ನಾಗಿರುವ ರೀಲೇ ನೂರಕ್ಕೆ ಒಂದು ಕುಗ್ಗಿದಂತೆ ಕಾಣುತ್ತದೆ. 756ರ ಕೆಳಗೆ ಬಂದರೆ ಎಚ್ಚರ. 754 ಮುಟ್ಟಿದರೆ ಯಾವ ಪ್ರೊಜೆಕ್ಟರಿಗೂ ಹಾಕಬೇಡಿ. ಸ್ಪ್ರಾಕೆಟಿನ ಹಲ್ಲು ತೂತಿಗೆ ಕೂಡದೆ ಪ್ರತಿ ಫ್ರೇಮಿನಲ್ಲೂ ಅಂಚನ್ನು ಕಚ್ಚುತ್ತಾ ಹೋಗುತ್ತದೆ. ರೀಲಿನ ತುದಿ, ನಡು, ಕೊನೆ ಮೂರೂ ಕಡೆ ಅಳೆಯಿರಿ, ಹೊರಸುತ್ತು ಹೆಚ್ಚು ಒಣಗಿರುತ್ತದೆ.

ಬಣ್ಣದ ಪ್ರಿಂಟಿಗೆ ಹೆಚ್ಚು ದುಡ್ಡು ಕೇಳುತ್ತಾರೆ. ಕೊಡಬೇಡಿ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ವರ್ಣ ಮೊದಲು ಹಾರಿಹೋಗಿ ಹೊಲ, ಆಕಾಶ, ಮುಖ ಎಲ್ಲ ಒಂದೇ ಗುಲಾಬಿಯಾಗಿರುತ್ತವೆ. ಕಪ್ಪು-ಬಿಳುಪಿನದು ಬೆಳ್ಳಿಯ ಬಿಂಬ, ಬೇಸ್ ಕೆಡದಿದ್ದರೆ ಇಂದಿಗೂ ಹಾಗೇ ಇರುತ್ತದೆ. ಅಂಚಿನ ಮೇಲೆ ಕೊಡಾಕ್‌ನ ವೃತ್ತ, ಚೌಕ, ತ್ರಿಕೋನದ ಗುರುತು ಕಂಡರೆ ಅದು ಕಚ್ಚಾ ಫಿಲ್ಮು ತಯಾರಾದ ವರ್ಷದ ಸಂಕೇತ. ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಗುರುತು ಮರಳಿ ಬರುತ್ತಿತ್ತು. 1948ರದು ಎಂದು ಮಾರುವ ರೀಲು 1968ರದೂ ಆಗಿರಬಹುದು.

ಫಿಲ್ಮ್ ಸಿಮೆಂಟ್ ಎಂಬ ಅಂಟಿನಿಂದ ಕೂಡಿಸಿದ ಹಳೆಯ ಜೋಡಣೆಗಳು ಒಣಗಿ ಗೇಟಿನಲ್ಲೇ ಬಿಡುತ್ತವೆ. ಓಡಿಸುವ ಮೊದಲು ಇಡೀ ರೀಲನ್ನು ಕೈಯಲ್ಲಿ ಸುತ್ತುತ್ತಾ, ನೂಲಿನ ಕೈಗವಸು ಹಾಕಿದ ಬೆರಳುಗಳ ನಡುವೆ ಅಂಚು ಹಿಡಿದು, ತಡೆದಲ್ಲೆಲ್ಲ ನಿಲ್ಲಿಸಿ ನೋಡಿ. ಬಿಟ್ಟ ಜೋಡಣೆಯನ್ನು ತೂತು ಕೊರೆದ ಸ್ಪ್ಲೈಸಿಂಗ್ ಟೇಪಿನಿಂದ ಎರಡೂ ಬದಿ ಅಂಟಿಸಿ. ಮನೆಯ ಸೆಲ್ಲೋಟೇಪ್ ಹಾಕಿದರೆ ದೀಪದ ಬಿಸಿಗೆ ಗೋಂದು ಹರಿದು ಮೇಲಿನ ಸುತ್ತು ಕೆಳಗಿನದಕ್ಕೆ ಕಚ್ಚಿಕೊಳ್ಳುತ್ತದೆ. ಎರಡೂ ತುದಿಗೆ ಏಳೆಂಟು ಅಡಿ ಲೀಡರ್ (ಚಿತ್ರವಿಲ್ಲದ ಖಾಲಿ ಫಿಲ್ಮು) ಸೇರಿಸಿ. ಮೊದಲು ಹರಿಯುವುದು ಅದೇ ಆಗಲಿ.

ಇನ್ನು ಆ ಕನ್ನಡ ನಿರೂಪಣೆಯ ರೀಲು. ಎಲ್ಲೂ ಇನ್ನೊಂದು ಪ್ರತಿ ಕಾಣದ ಪ್ರಿಂಟನ್ನು ಪ್ರೊಜೆಕ್ಟರಿಗೆ ಹಾಕಲೇಬೇಡಿ, ಅದು ಐಕಿಯಾದರೂ ಸರಿ. ಸ್ಪ್ರಾಕೆಟ್ ಹಲ್ಲಿಲ್ಲದೆ ರೋಲರಿನಲ್ಲಷ್ಟೇ ಫಿಲ್ಮು ಸಾಗಿಸುವ ಸ್ಕ್ಯಾನರ್ ಇರುವ ಕಡೆ ಮೊದಲು ಸ್ಕ್ಯಾನ್ ಮಾಡಿಸಿ. ಕುಗ್ಗಿದ ಫಿಲ್ಮನ್ನೂ ಅದು ನೋಯಿಸುವುದಿಲ್ಲ. 16 ಎಂಎಂಗೆ 2ಕೆ ಸಾಕು. ದನಿಯ ಟ್ರ್ಯಾಕನ್ನೂ ಜೊತೆಗೇ ತೆಗೆಯುತ್ತಾರೆಯೇ ಎಂದು ಕೇಳಿ. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡದ್ದು ಗುರುತಿಗಷ್ಟೇ. ಶಟರ್ ಸೆಕೆಂಡಿಗೆ 48 ಸಲ ಮಿನುಗುವುದರಿಂದ ವಿಡಿಯೊದಲ್ಲಿ ಪಟ್ಟೆಗಳು ತೇಲುತ್ತವೆ. ಶಟರ್ ವೇಗವನ್ನು 1/50ಕ್ಕೆ ಕಟ್ಟಿಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆಟದ ದಿನ

ಪ್ರತಿ ರೀಲಿಗೂ ಮುನ್ನ ಗೇಟು ತೆರೆದು ಒರೆಸುವುದು ಕಡ್ಡಾಯ. ಗಟ್ಟಿಯಾಗಿ ಕೂತ ಎಮಲ್ಷನ್ನಿನ (ಫಿಲ್ಮಿನ ಮೇಲಿನ ಬಿಂಬದ ಲೇಪದ) ಹಕ್ಕಳೆಯನ್ನು ಬಿದಿರಿನ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್, ಬ್ಲೇಡು ಮುಟ್ಟಿಸಿದರೆ ಗೇಟಿನ ಮೇಲೆ ಬಿದ್ದ ಗೀರು ಮುಂದೆ ಓಡುವ ಪ್ರತಿ ಚಿತ್ರದ ಮೇಲೂ ಗೆರೆ ಎಳೆಯುತ್ತದೆ. ದುರ್ಗದ ಕಡೆಯ ಗಾಳಿ-ಧೂಳಿನಲ್ಲಿ ಬಯಲಲ್ಲಿ ತೋರಿಸುವುದಾದರೆ ಯಂತ್ರದ ಮೂರು ಬದಿಗೆ ಬಟ್ಟೆ ಕಟ್ಟಿ, ಗಾಳಿ ಎಳೆದುಕೊಳ್ಳುವ ಜಾಲರಿಗೆ ಮಾತ್ರ ಅಡ್ಡ ಬಾರದಿರಲಿ. ಫಿಲ್ಮು ಹಾಕಿದ ಮೇಲೆ ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ ಲೂಪು ಎರಡೂ ನಿಂತಿವೆಯೇ ನೋಡಿ, ಮೋಟಾರು ಹಾಕಿ, ಲೀಡರ್ ಮುಗಿಯುವ ಹೊತ್ತಿಗೆ ದೀಪ ಹಾಕಿ. ಓಡುವಾಗ ಕೈ ಸ್ವಿಚ್ಚಿನ ಹತ್ತಿರವೇ ಇರಲಿ, ತಡತಡ ಸದ್ದು ಕೇಳಿದ ಕ್ಷಣ ನಿಲ್ಲಿಸಬೇಕು. ‘ನೋಡೋಣ, ಸರಿಹೋಗಬಹುದು’ ಎಂದು ಕಾಯುವ ಹತ್ತು ಸೆಕೆಂಡಿನಲ್ಲಿ 240 ಫ್ರೇಮು ಹೋಗಿರುತ್ತವೆ.

ಮುಗಿದ ಮೇಲೆ ದೀಪ ಆರಿಸಿ ಫ್ಯಾನು ಎರಡು ಮೂರು ನಿಮಿಷ ಓಡಲಿ, ಬಿಸಿ ದೀಪವಿರುವಾಗ ಯಂತ್ರ ಎತ್ತಿದರೆ ತಂತಿ ಮುರಿಯುತ್ತದೆ. ರೀಲುಗಳನ್ನು ಅಟ್ಟದ ಮೇಲೆ, ಶೀಟಿನ ಕೆಳಗೆ, ಆರ್‌ಸಿಸಿ ಸೂರಿಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಆ ಜಾಗಗಳು ಹೊರಗಿಗಿಂತ ಹೆಚ್ಚು ಕಾಯುತ್ತವೆ. ನೆಲ ಅಂತಸ್ತಿನ, ಉತ್ತರದ ಗೋಡೆಯ ಪಕ್ಕದ ಕೋಣೆ, ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿ, ರೀಲು ಮಲಗಿಸಿ ಇಡುವುದು, ಮಳೆಗಾಲ ಮುಗಿದ ಮೇಲೊಮ್ಮೆ ತೆಗೆದು ಸುತ್ತಿ ಮೂಸಿ ನೋಡುವುದು. ಯಂತ್ರವನ್ನೂ ತಿಂಗಳಿಗೊಮ್ಮೆ ಫಿಲ್ಮಿಲ್ಲದೆ ಐದು ನಿಮಿಷ ಓಡಿಸಿ. ನಿಂತೇ ಇದ್ದರೆ ಗ್ರೀಸು ಮತ್ತೆ ಗಟ್ಟಿಯಾಗುತ್ತದೆ, ರಬ್ಬರ್ ರೋಲರಿನಲ್ಲಿ ಒತ್ತಿದ ಕಡೆ ತಗ್ಗು ಬೀಳುತ್ತದೆ.